ಡೈರಿಯಲ್ಲಿ ಬೆಳದಿಂಗಳು

ಕಿಸುಮು ಕೋರ್ಟಿನಲ್ಲಿ ನಾನು ದುಭಾಷಿ.
ಹದಿನೇಳು ವರ್ಷದಿಂದ ಬೇರೆಯವರ ಬಾಯಿ.
ದೊಲುವೋದಲ್ಲಿ ಅಳುವವರನ್ನು
ಇಂಗ್ಲಿಷಿನಲ್ಲಿ ನೆಟ್ಟಗೆ ನಿಲ್ಲಿಸುವುದು ಕೆಲಸ.
ಪ್ರಮಾಣ ಮಾಡಿದ್ದೇನೆ: ಕೂಡಿಸೆನು, ಕಳೆಯೆನು.

ಕಟಕಟೆಯಲ್ಲಿ ರಿಸ್ಪರ್ ಅಡೊಂಗೊ,
ದುಂಗಾ ದಡದಲ್ಲಿ ಒಮೆನಾ ಒಣಗಿಸುವವಳು,
ಬೆರಳುದ್ದವೂ ಇರದ ಬೆಳ್ಳಿಮೀನು.
ತೊಳೆದು ಬಂದರೂ ಬಿಡದ ಕೈವಾಸನೆಗೆ
ಗುಮಾಸ್ತ ಎದ್ದು ಕಿಟಕಿ ತೆರೆದ.
ಮಗ ಕ್ಲೆಮೆಂಟ್ ಓಗುಟು, ಇಪ್ಪತ್ತೆರಡು,
ಬಾಡಿಗೆ ಬೈಕ್ ಓಡಿಸುತ್ತಿದ್ದವನು;
ಈಗ ಫೈಲಿನಲ್ಲಿ ‘ಮೃತ’.

“ಜೋಳ ಬಡಿದ ಹಾಗೆ ಬಡಿದರು,” ಅಂದಳು,
“ತೆನೆಯಲ್ಲಿ ಕಾಳು ಉಳಿಯಬಾರದು ಅನ್ನುವ ಹಾಗೆ.
ಆಮೇಲೆ ಜೀಪಿಗೆ ತೂರಿದರು.”
ನಾನು ಅಂದೆ: ‘ಹಲ್ಲೆ ನಡೆಯಿತು.’
ಇಲ್ಲಿ ಮ್ಯಾಜಿಸ್ಟ್ರೇಟರು ಕೈಯಲ್ಲೇ ಬರೆದುಕೊಳ್ಳುತ್ತಾರೆ,
ಅವರ ಪೆನ್ನಿಗೆ ಉದ್ದದ ವಾಕ್ಯ ಒಗ್ಗದು.
ಒಂದು ಸುಗ್ಗಿಯಷ್ಟು ಮಾತು
ಎರಡು ಪದದಲ್ಲಿ ಮುಗಿಯಿತು.

ವಕೀಲರು ಠಾಣೆಯ ಡೈರಿ ಓದಿದರು:
ರಾತ್ರಿ ಎರಡೂ ಹತ್ತು. ಸ್ವಚ್ಛ ಬೆಳದಿಂಗಳು.
ಮಚ್ಚು ಹಿಡಿದು ಓಡಿದ ಶಂಕಿತ
ನಲವತ್ತು ಗಜದಿಂದ ಸ್ಪಷ್ಟ.
ಎಡವಿ ಬಿದ್ದು ತಲೆಗೆ ಪೆಟ್ಟು.
ದುಂಡನೆಯ ಅಕ್ಷರ, ಒಂದೇ ಶಾಯಿ,
ಮೂರು ಪಾಳಿಯ ಬರಹಕ್ಕೆ ಒಂದೇ ಕೈ.
ಕಾರ್ಪೊರಲ್ ಟೋಪಿಯನ್ನು ತೊಡೆಯ ಮೇಲಿಟ್ಟು
ಅಂಚಿನ ನೂಲು ಕೀಳುತ್ತಿದ್ದ.

“ಗಡಿಯಾರ ನೋಡಲು ಬರುತ್ತದೆಯೇ ನಿನಗೆ?”
“ಬರುವುದಿಲ್ಲ.”
“ತಾರೀಖು?”
“ಇಲ್ಲ.”
“ಮತ್ತೆ ಆ ರಾತ್ರಿ ಎಂಥದೆಂದು ಹೇಗೆ ಗೊತ್ತು?”
ಅವಳು ನಕ್ಕಳು. ನಗುವನ್ನು ನಾನು ಅನುವಾದಿಸಲಿಲ್ಲ.
“ಸರೋವರದ ತುಂಬ ಲಾಂದ್ರ ಇತ್ತಲ್ಲ.
ಕತ್ತಲಿದ್ದರೆ ತಾನೆ ಒಮೆನಾ ದೀಪಕ್ಕೆ ಬರುವುದು,
ತಿಂಗಳ ಬೆಳಕಲ್ಲಿ ದೋಣಿ ಇಳಿಸುವ ಹುಚ್ಚ ಯಾರು?
ಬೆಳಗ್ಗೆ ಮೂರು ಬುಟ್ಟಿ ಮೀನು ಬಂತು ನನ್ನ ಪಾಲಿಗೆ.
ಒಣಹಾಕಲಿಲ್ಲ. ಕೊಳೆಯಿತು.
ಮಗನನ್ನು ಹುಡುಕುತ್ತಿದ್ದೆ.”

ಇದನ್ನು ಇಡಿಯಾಗಿ ಹೇಳಿದೆ,
ಲಾಂದ್ರವನ್ನೂ, ಬುಟ್ಟಿಯನ್ನೂ.
ಪೆನ್ನು ನಿಂತಿತು.
ಗೋಡೆಯ ಮೊಳೆಗೆ ಇನ್ನೂ ಕಳೆದ ವರ್ಷವೇ ತೂಗುತ್ತಿತ್ತು;
ಗುಮಾಸ್ತ ಹೋಗಿ ಹಾಳೆ ತಿರುವಿದ.
ಆ ತಾರೀಖಿನ ಮೂಲೆಯಲ್ಲಿ
ಕರಿ ಬೊಟ್ಟು.

ಕತೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು.

ಮುಂದಿನ ತಾರೀಖಿಗೆ ಡೈರಿಯ ಆ ಹಾಳೆ
‘ಸೋರಿಕೆಯಿಂದ ನೆನೆದು ಹೋಗಿದೆ’.
ಅದರ ಮುಂದಿನದಕ್ಕೆ ಕಾರ್ಪೊರಲನಿಗೆ ಉತ್ತರದ ಮರಳುಗಾಡಿಗೆ ವರ್ಗ,
ಹೋಗುವಾಗ ತೋಳಿಗೆ ಇನ್ನೊಂದು ಪಟ್ಟಿ.
ಅದರ ಮುಂದಿನದಕ್ಕೆ ಮ್ಯಾಜಿಸ್ಟ್ರೇಟರಿಗೂ ವರ್ಗ.
ಹೊಸಬರು ಬಂದರು, ಹೊಸ ಪುಸ್ತಕ ತೆರೆದರು,
ವಿಚಾರಣೆ ಮೊದಲಿನಿಂದ ಎಂದರು.

ಮೊದಲಿನಿಂದ ಎಂದರೆ
ಮಗ ಇನ್ನೊಮ್ಮೆ ಉಂಡು ಕೈ ತೊಳೆಯಬೇಕು,
ಬೈಕಿಗೆ ಕಿಕ್ ಹೊಡೆಯಬೇಕು,
ಅವಳು ಬಾಗಿಲಲ್ಲಿ ನಿಂತು ‘ಬೇಗ ಬಾ’ ಅನ್ನಬೇಕು.

ಮೂರನೆಯ ಸಲ ಕಟಕಟೆ ಹತ್ತುವಷ್ಟರಲ್ಲಿ
ರಿಸ್ಪರ್ ಕಲಿತುಬಿಟ್ಟಿದ್ದಳು.
ಕೈಗೆ ನಿಂಬೆ ಉಜ್ಜಿಕೊಂಡು ಬಂದಿದ್ದಳು.
ಅವರು ಪೆನ್ನು ಎತ್ತುವವರೆಗೆ ಕಾದು
ಇಂಗ್ಲಿಷಿನಲ್ಲೇ, ನನ್ನದೇ ಉಚ್ಚಾರದಲ್ಲಿ ಅಂದಳು:
‘ಹಲ್ಲೆ ನಡೆಯಿತು.’
ಸರಿಯಾಯಿತೇ ಅಂತ ನನ್ನ ಕಡೆ ನೋಡಿದಳು.

ಅನುವಾದಿಸಲು ಏನೂ ಇರಲಿಲ್ಲ.
ಪ್ರಮಾಣ ನೆನಪಿತ್ತು. ಆದರೂ ಎದ್ದು ನಿಂತೆ.
“ಜೋಳ ಬಡಿದ ಹಾಗೆ, ಸ್ವಾಮೀ,” ಎಂದೆ,
“ತೆನೆಯಲ್ಲಿ ಕಾಳು ಉಳಿಯಬಾರದು ಅನ್ನುವ ಹಾಗೆ.”
“ಸಾಕ್ಷಿ ಹಾಗೆ ಹೇಳಲಿಲ್ಲವಲ್ಲ?”
“ಹೇಳಿದ್ದಳು. ಎರಡು ವರ್ಷ ನನ್ನಲ್ಲೇ ಉಳಿದಿತ್ತು.”

ಬರೆದುಕೊಂಡರೋ ಇಲ್ಲವೋ,
ಮೇಜು ಎತ್ತರ, ಕಾಣಲಿಲ್ಲ.
ಇನ್ನೊಂದು ತಾರೀಖು ಕೊಟ್ಟರು.
ಅವಳು ಬೆರಳು ಮಡಿಸಿ ಎಣಿಸಿ
ನನ್ನ ತೋಳು ಜಗ್ಗಿದಳು:
“ಅದು ಕತ್ತಲ ವಾರ. ಮೀನು ಬರುತ್ತದೆ.
ಬೇರೆ ದಿನ ಕೊಡಲಿಕ್ಕಾಗುತ್ತದೋ ಕೇಳು.”