ಪಂಚನಾಮೆ

ಟೇಪು ತಾ ಅಂದ್ರು. ಒಯ್ದೆ.
ಸಂಖದಾಗ ಟೇಪು ಅಂದ್ರ ನನ್ನ ಕೊರಳಾಗಿಂದು ಒಂದಽ,
ಅರವತ್ತು ಇಂಚಿಂದು, ಜಂಪರು, ಮದುಮಗನ ಅಂಗಿ ಅಳೆಯೂದು.
ಎರಡು ಸರ್ತಿ ಹಚ್ಚಿ, ಮ್ಯಾಲೆ ಮೂರು ಗೇಣು.
ಗಾಂಜಾ, ಬಾರಾ ಫೂಟ ಅಂತ ಮರಾಠಿಯೊಳಗ ಬರಕೊಂಡ್ರು.

ದುಂಡವ್ವ ಜ್ವಾಳ ಹಸನ ಮಾಡಿದಂಗ
ಮಾತು ಹಸನ ಮಾಡಿ ಹೇಳಿದಳು:
ಸಾಧು ಒಬ್ಬ ಮಲಗೆದ್ದು ಹೋದ,
ಜೋಳಿಗಿ ಝಾಡಿಸಿದಲ್ಲಿ ಹುಟ್ಟೇತಿ.
ತಿಪ್ಪಿ ಬಾಜೂಕ ಎದ್ದದ್ದು ಏನಂತ ನನಗೇನು ಗೊತ್ರೀ.

ಅರ್ಧಾ ಖರೆ.
ಉಳಿದರ್ಧ ನಾ ಮಷೀನಿನ ಮುಂದ ಕುಂತು ಕಂಡೀನಿ:
ಹುಳಿಮಜ್ಜಿಗಿ ಹನಿಸೂದು, ಕುರಿ ಹಿಕ್ಕಿ, ಒಲಿ ಬೂದಿ,
ಬೇವಿನ ಹಿಂಡಿ ನೆನಸಿದ ನೀರು.
ಅಂಗಡಿ ಗೊಬ್ಬರಾ ಮುಟ್ಟಿಸಲಿಲ್ಲ,
ಹಸಿ ಬಾಣಂತಿಗೆ ಹೊರಗಿನ ಊಟ ಕೊಡದಂಗ.
ಟೊಂಗಿ ಬಾಗಿದಾಗ ಸೀರಿ ಅಂಚು ಹರಿದು ಕಟ್ಟಿದ್ದಳು,
ಆ ಅಂಚು ನಾನಽ ಹೊಲಿದದ್ದು.
ಪಂಚನಾಮೆಯೊಳಗ ಅದನ್ನ ಹೇಳಲಿಲ್ಲ.

ಕೀಳಾಕ ಮೂರು ಮಂದಿ.
ಬೇರಿನ ಜೋಡಿ ಮಣ್ಣೂ ಬಂತು,
ಕರೀದು, ಮೆತ್ತಂದು, ಎರಿಹುಳ ಹೊರಳೂದು.
ಈ ಗರಸು ನೆಲದಾಗ!
ಎಲ್ಲಾರೂ ಒಂದು ಗಳಿಗಿ ಸುಮ್ಮನ ನೋಡಿದ್ವಿ.

ಸಹಿ ಆತು. ದುಂಡವ್ವನ್ನ ಜೀಪಿಗೆ ಹತ್ತಿಸಿದ್ರು,
ಗಿಡಾ ಆಕಿ ಕಾಲಮ್ಯಾಲೆ ಅಡ್ಡ.
ಹವಾಲ್ದಾರ ಸಾಳುಂಖೆ ಬಗ್ಗಿ ಸಣ್ಣ ದನಿಲೆ ಕೇಳಿದ:
ಆಯೀ, ನಮ್ಮ ಬದನಿಗಿಡ ಮೊಣಕಾಲು ದಾಟವಲ್ದು,
ಏನ ಹಾಕತಿದ್ದಿ?
ಆಕಿ ನನ್ನ ಕಡೆ ನೋಡಿ ಅಂದಳು: ಇದನ್ನೂ ಬರಕೊಳ್ರಿ.

ಟೇಪಿಗೆ ಅಂಟು ಹತ್ತೇತಿ, ತೊಳದ್ರ ಹೋಗೂದಿಲ್ಲ.
ನಲವತ್ತರ ಅಂಕಿ ಕಾಣೂದಿಲ್ಲ.
ನಲವತ್ತು ನಡದವರು ಬಂದ್ರ
ಅಂದಾಜಿಲೆ ಕತ್ತರಿಸತೀನಿ.