ಏಳನೆಯ ಅಧ್ಯಾಯ

"ಎಂಥಾ ಶಬ್ದ?" ಎಂದೆ.
ಎದುವಿನಾ ಮಾನ್ಸಿಯಾ ತುಟಿ ಬಿಗಿದು
ಮೂಗಿನಲ್ಲೇ ಗುಂಯ್ ಅಂದು ತೋರಿಸಿದರು.
ಇದೊಂದು. ಇನ್ನೊಂದು
ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ.
ಮೂರನೆಯದು ನನ್ನ ಬಾಯಲ್ಲಿ ಬರುವುದಿಲ್ಲ,
ಮುಂದಿನ ಎರಡು ಹಲ್ಲಿಲ್ಲ ನೋಡು.

ಪುಂತಾ ಅರೇನಾಸಿನ ಜೂನ್.
ಬೆಳಿಗ್ಗೆ ಒಂಬತ್ತೂವರೆಗೂ ಬೀದಿದೀಪ ಆರಿರಲಿಲ್ಲ.
ಗಾಳಿ ತಗಡಿನ ಮಾಡನ್ನು ಉಗುರಲ್ಲಿ ಕೆರೆಯುತ್ತಿತ್ತು.
ಅದೂ ಮುದ್ರಣದಲ್ಲಿದೆ, ಅದರ ಮೇಲೆ ಯಾರ ದೂರೂ ಇಲ್ಲ.
ಇಲ್ಲಿ ಗಾಳಿ ನಿಂತರೆ
ಜನ ಬಾಗಿಲು ತೆರೆದು ಹೊರಗೆ ಇಣುಕುತ್ತಾರೆ,
ಏನಾಯಿತಪ್ಪಾ ಎಂದು.

ಅವರು ಓದುವುದು ಕಣ್ಣು ಕಾಣದವರಿಗಾಗಿ.
ಈ ತಿಂಗಳು, ಜೇನು ಸಾಕುವ ಕೈಪಿಡಿ.
ಈ ಗಾಳಿಗೆ ಯಾವ ಜೇನು ನಿಂತೀತು?
ಆದರೂ ವಿಲಿಬಾಲ್ದೊ ಬಾರಿಯಾ ಅದೇ ಬೇಕೆಂದು ಹಟ ಹಿಡಿದಿದ್ದಾನೆ.
ಒಂದು ಕಾಲಕ್ಕೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದವ.
ಆ ಎಸ್ಟೇಟಿನ ಅಡುಗೆಮನೆ ಇಪ್ಪತ್ತು ವರ್ಷ ಇವರದ್ದೇ.
"ಮೂರು ತಟ್ಟೆ ಉಣ್ಣುತ್ತಿದ್ದ," ಎಂದರು,
ಇನ್ನೇನೂ ಹೇಳಲಿಲ್ಲ.

ಮೈಕಿನ ವೈರು ಕಿತ್ತೆ. ಗುಂಯ್.
ಫ್ರಿಜ್ ಆರಿಸಿದೆ. ಗುಂಯ್.
ಟ್ಯೂಬ್‌ಲೈಟು, ಪ್ರಿಂಟರು, ಮೂಲೆಯ ರೇಡಿಯೋ,
ಒಂದೊಂದಾಗಿ ಮನೆಯನ್ನೇ ಮಲಗಿಸಿದೆ.
ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಎಳೆದರೆ
ಹೆಡ್‌ಫೋನಿನೊಳಗೆ
ಯಾರೋ ಎದ್ದು ಹೋದಂತೆ
ಖಾಲಿ.

ಗೋಡೆಯ ಪ್ಲಗ್ ಬಿಚ್ಚಿ ನೋಡಿದೆ.
ಹಸಿರು ತಂತಿ ಒಳಗೇ ಸುರುಳಿ ಸುತ್ತಿಕೊಂಡು ಕೂತಿದೆ,
ಭೂಮಿಗೂ ತನಗೂ ಸಂಬಂಧವೇ ಇಲ್ಲದ ಹಾಗೆ.
ಈ ಮನೆಗೆ ವೈರಿಂಗ್ ಮಾಡಿದ್ದು ಅವರ ಗಂಡನೇ ಅಂತೆ.
"ಅವನದ್ದು ಹಾಗೇ," ಎಂದರು ಎದುವಿನಾ,
"ಕಣ್ಣಿಗೆ ಕಾಣುವಷ್ಟು ಮಾತ್ರ ಮುಗಿಸುತ್ತಿದ್ದ."

ಬಾಣಲೆಯ ಚಟಪಟಕ್ಕೆ ಬಫರ್ ಏರಿಸಬೇಕಾಯಿತು,
ನೂರಿಪ್ಪತ್ತೆಂಟರಿಂದ ಐನೂರ ಹನ್ನೆರಡಕ್ಕೆ.
ಹಾಗಂದರೆ? ಎಂದರು.
ಕಂಪ್ಯೂಟರು ಚಮಚದಲ್ಲಿ ಬಡಿಸುತ್ತಿತ್ತು,
ನಡುನಡುವೆ ವೈಫೈ ಬಂದು ಕೈ ಜಗ್ಗುತ್ತಿತ್ತು.
ಈಗ ಸೌಟು ಕೊಟ್ಟಿದ್ದೇನೆ,
ವೈಫೈಯನ್ನು ಹೊರಗೆ ನಿಲ್ಲಿಸಿದ್ದೇನೆ.
ತಲೆಯಾಡಿಸಿದರು,
ಅರವತ್ತು ಜನರ ಸರದಿ ಕಂಡವರು.

ಮೂರನೆಯದು ತಾನಾಗಿ ಸಿಕ್ಕಿತು.
ಮೌಸ್ ಸರಿಸಿದಾಗೆಲ್ಲ ಸಣ್ಣಗೆ ಚೀಂಯ್.
ಇಲಿ ಇದೆ ಎಂದೆ.
ಅವರು ಪೊರಕೆ ತಂದರು.
ನಗು ತಡೆಯಲು ನಾನು ಮೇಜಿನಡಿ ಬಗ್ಗಿದೆ,
ಅಲ್ಲಿ ಏನೂ ಇರಲಿಲ್ಲ, ಒಂದು ಗುಂಡಿ ಬಿಟ್ಟರೆ.
ಹೊರಗಿನ ಸೌಂಡ್ ಕಾರ್ಡ್ ಒಂದು ಕೊಂಡರೆ ಹೋದೀತು.
ಬೆಲೆ ಕೇಳಿ ಪೊರಕೆಯನ್ನು ಅದರ ಮೂಲೆಗೆ ಇಟ್ಟು ಬಂದರು.
ಸರಿ, ಓದುವಾಗ ಮೌಸ್ ಮುಟ್ಟಬೇಡಿ.
ಚಾರ್ಜರ್ ತೆಗೆದು, ಬ್ಯಾಟರಿ ಇರುವ ತನಕ ಓದಿ.
ನಲವತ್ತಮೂರು ನಿಮಿಷ ಸಿಗುತ್ತದೆ.
ಬೆರಳಲ್ಲಿ ಲೆಕ್ಕ ಹಾಕಿದರು:
ಅಧ್ಯಾಯಕ್ಕೆ ನಲವತ್ತು,
ಕೆಮ್ಮಿಗೆ ಮೂರು.

ದುಡ್ಡು ಬೇಡವೆಂದೆ. ಬಿಸಿ ರೊಟ್ಟಿ
ಕಾಗದದಲ್ಲಿ ಸುತ್ತಿ ಕೊಟ್ಟರು.

ಹತ್ತು ದಿನಕ್ಕೆ ಫೋನು.
ಮತ್ತೆ ಶಬ್ದವೇ?
ಅಲ್ಲ. ವಿಲಿಬಾಲ್ದೊ ಕರೆ ಮಾಡಿದ್ದ.
ಅವನು ಕೇಳುತ್ತಾನೆ, ಜೇನುಹುಳ ಎಲ್ಲಿ ಹೋದವು?
ಆರು ಅಧ್ಯಾಯ ಇದ್ದವಲ್ಲ, ನಿನ್ನ ದನಿಯ ಹಿಂದೆ,
ಎಷ್ಟು ಚೆನ್ನಾಗಿ ಕೂರಿಸಿದ್ದೆ ಅವನ್ನು,
ಏಳರಲ್ಲಿ ಗೂಡು ಖಾಲಿ.
ಸತ್ತವೇ?

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.
ಏಳರಲ್ಲಿ ಏನಿದೆ? ಎಂದೆ.
ಹಾಳೆ ಮಗುಚುವ ಸದ್ದು ಕೇಳಿಸಿತು.
"ಚಳಿಗಾಲ. ಹುಳಗಳು ಒಂದಕ್ಕೊಂದು ಅಂಟಿಕೊಂಡು
ಉಂಡೆಯಾಗುತ್ತವೆ. ಪೆಟ್ಟಿಗೆ ಮುಟ್ಟಬಾರದು."
ಹಾಗಾದರೆ ಅದನ್ನೇ ಹೇಳಿ.

ಆ ಕಡೆ ಗಾಳಿ, ಈ ಕಡೆಯೂ ಅದೇ ಗಾಳಿ.

"ವಸಂತ ಬರುವುದು ಒಂಬತ್ತರಲ್ಲಿ," ಎಂದರು.
ಸ್ವಲ್ಪ ತಡೆದು,
"ಚಾರ್ಜರ್ ಚುಚ್ಚಿಕೊಂಡೇ ಓದಿದರೆ
ಕಂಪ್ಯೂಟರಿಗೇನೂ ಕೆಡುಕಾಗುವುದಿಲ್ಲ, ಅಲ್ಲವಾ?"