ಹುಳ ಇಲ್ಲ

ಹುಳ ಇಲ್ಲ, ಅಂದರು ಡಾಕ್ಟರಮ್ಮ,
ಹಾಸನದ ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ
ಮಗಳ ಬಾಯಿಗೆ ಪುಟ್ಟ ಕನ್ನಡಿ ಇಳಿಬಿಟ್ಟು.
ಹುಳುಕಲ್ಲ ಇದು, ಸವಕಳಿ.

ಸವೆಯೋದು ನನಗೆ ಗೊತ್ತಿರುವ ಮಾತು.
ಎಕ್ಕಡ ಸವೆಯುತ್ತೆ, ಸೋಪು ಸವೆಯುತ್ತೆ,
ನಮ್ಮ ಲಗೇಜು ಗಾಡಿಯ ಹಿಂದಿನ ಟೈರು.
ಅವೆಲ್ಲ ದುಡಿದು ಸವೆದವು.
ನಾಲ್ಕು ವರ್ಷದ ಹಾಲುಹಲ್ಲು
ಯಾವ ದುಡಿಮೆಗೆ ಹೋಗಿತ್ತು?

ಅವ್ವ ಮೊದಲೇ ಅಂದಿದ್ದಳು, ಹುಳ ಕಣೋ.
ಒಂದು ರಾತ್ರಿ ಕೆಂಡದ ಮೇಲೆ ನೆಲಗುಳ್ಳದ ಬೀಜ ಉದುರಿಸಿ
ಕೊಳವೆ ಹಿಡಿದು ಹೊಗೆ ಕುಡಿಸಲು ಕೂತಳು.
ಧನ್ವಿ ಕೆಮ್ಮಿ ಕೆಮ್ಮಿ ಅತ್ತಳೇ ಹೊರತು
ಬಟ್ಟಲ ನೀರಿಗೆ ಏನೂ ಬೀಳಲಿಲ್ಲ.
ಹುಳ ಇದ್ದಿದ್ದರೆ ಚೆನ್ನಾಗಿತ್ತು.
ಬೈಯೋಕೆ ಒಂದು ಪ್ರಾಣಿ ಇರುತ್ತಿತ್ತು.

ಏನು ಕುಡೀತಾಳೆ ಮಗು?
ಕೇಳಿದ್ದು ಸುಮ್ಮನೆ, ಪೆನ್ನಿನ ಕ್ಯಾಪು ತೆಗೆಯುತ್ತಾ.
ನಾನು ನನ್ನ ಬೆರಳು ನೋಡಿಕೊಂಡೆ.
ಉಗುರಿನ ಸಂದಿಯಲ್ಲಿ ಹನ್ನೊಂದು ವರ್ಷದ ನಿಂಬೆ.

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ನಮ್ಮದು ಗೋಲಿ ಸೋಡಾ.
ಬೆಳಿಗ್ಗೆ ಮಿಷನ್ ತಿರುಗಿಸಿ ಮೊದಲ ಬಾಟಲಿ ತುಂಬಿದರೆ
ಮೊದಲ ಗುಟುಕು ಧನ್ವಿಯದು.
ನುಂಗುವವಳಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ,
ಹಲ್ಲಿಂದ ಹಲ್ಲಿಗೆ ಓಡಾಡಿಸಿ,
ಚುರುಗುಟ್ಟಿದ್ದನ್ನೆಲ್ಲ ಲೆಕ್ಕ ಹಿಡಿದು
ತೀರ್ಪು ಕೊಡುವಳು: ಗ್ಯಾಸು ಕಮ್ಮಿ ಅಪ್ಪಾ.
ಗಿರಾಕಿಗಳ ಮುಂದೆ ಬೀಗುತ್ತಿದ್ದೆ ನಾನು,
ಇಡೀ ಅರಸೀಕೆರೆಗೆ ಇಂಥ ನಾಲಿಗೆ ಇಲ್ಲ ಅಂತ.
ಕೂಲಿ ಅಂತ ಮಧ್ಯಾಹ್ನ ಒಂದು ಲೋಟ ನಿಂಬೆ ಸೋಡಾ,
ಸಂಜೆ ಇನ್ನೊಂದು.

ಹಾಗಾದರೆ ಹಲ್ಲೂ ದುಡಿದೇ ಸವೆದಿದೆ.

ಹಲ್ಲು ಉಜ್ಜಿಸ್ತೀರಾ?
ಉಜ್ಜಿಸ್ತೀನಿ ಮೇಡಂ, ಕುಡಿದ ತಕ್ಷಣ,
ನಾನೇ ನಿಂತು, ಗಟ್ಟಿಯಾಗಿ.
ಅವರು ಬರೆಯೋದು ನಿಲ್ಲಿಸಿದರು.
ಹುಳಿ ಬಿದ್ದಾಗ ಹಲ್ಲಿನ ಮೈ ಮೆತ್ತಗಿರುತ್ತೆ,
ಆಗ ಉಜ್ಜಿದರೆ ಉಜ್ಜಿದಷ್ಟೂ ಹೋಗುತ್ತೆ.
ದನಿ ಏರಿಸಲಿಲ್ಲ.

ಹಾರನಹಳ್ಳಿವರೆಗೂ ಬಸ್ಸಿನಲ್ಲಿ ಹೆಂಡತಿ ಮಾತಾಡಲಿಲ್ಲ.
ಧನ್ವಿ ನನ್ನ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ.
ಮೇಲಿನ ನಾಲ್ಕು ಹಲ್ಲು, ನಡುವೆ ತಗ್ಗಿ ಹಳದಿ,
ಅಂಚು ಮಾತ್ರ ಗಾಜಿನ ಹಾಗೆ,
ಕಿಟಕಿಯ ಬೆಳಕು ಆಚೆಯಿಂದ ಕಾಣುವಷ್ಟು.

ಸಂಜೆ ಅಂಗಡಿ ಬಾಗಿಲು ತೆಗೆದೆ.
ಕಡಪ ಕಲ್ಲಿನ ಕಟ್ಟೆ ಕಪ್ಪಗೆ ಮಿರಿಮಿರಿ,
ನಿಂಬೆ ಕೊಯ್ಯುವ ಜಾಗದಲ್ಲಷ್ಟೇ ಅಂಗೈಯಗಲ ಬೂದಿ ಬಣ್ಣ,
ಮುಟ್ಟಿದರೆ ತರಿತರಿ.
ದಿನಾ ಒರೆಸಿದ್ದೇನೆ ಅದನ್ನ.
ಕಲ್ಲು ಹೇಳುತ್ತಲೇ ಇತ್ತು.

ಮಾರನೇ ದಿನ ಅವಳಿಗೆ ಹೂಜಿಯ ನೀರು ಕೊಟ್ಟೆ.
ಕೆನ್ನೆ ಉಬ್ಬಿಸಿದಳು, ಕಣ್ಣು ಮುಚ್ಚಿದಳು.
ಇದರಲ್ಲಿ ಏನೂ ಇಲ್ಲ, ಅಂದಳು.
ಎರಡು ದಿನ ನನ್ನ ಜೊತೆ ಟೂ.

ಅದೇ ಮಧ್ಯಾಹ್ನ ರೈಲಿಳಿದು ಬಂದ ಒಬ್ಬಾಕೆ,
ಕಂಕುಳಲ್ಲಿ ಕೂಸು, ಕೂಸಿನ ಕೈ ಆಗಲೇ ಲೋಟದ ಕಡೆಗೆ.
ಸ್ಟ್ರಾ ಹಾಕಿಕೊಟ್ಟೆ.
ಬಾಯಲ್ಲಿ ಇಟ್ಕೋಬೇಡ ಪುಟ್ಟಾ, ನುಂಗಿಬಿಡು ಅಂದೆ.
ಆಕೆ ನನ್ನನ್ನು ಹುಚ್ಚನ ಹಾಗೆ ನೋಡಿದಳು.
ದುಡ್ಡು ತಗೊಂಡೆ. ಬಾಡಿಗೆ ಕಟ್ಟಬೇಕು.

ಮೂರನೇ ಬೆಳಿಗ್ಗೆ ಹೆಬ್ಬೆಟ್ಟಿನಿಂದ ಗೋಲಿ ಒತ್ತಿದೆ.
ಕೀಂಯ್ ಅಂತು ಬಾಟಲಿ.
ಮೂಲೆಯ ಕ್ರೇಟಿನ ಮೇಲೆ ಬೆನ್ನು ಮಾಡಿ ಕೂತವಳು
ತಿರುಗದೆಯೇ ಅಂದಳು: ಕಮ್ಮಿ.
ಇನ್ನೊಂದು ಒತ್ತಿದೆ.
ಇದು ಪರವಾಗಿಲ್ಲ.
ಮೂರನೆಯದಕ್ಕೆ ಬೆರಳಿಟ್ಟೆ,
ಆ ಕಡೆ ಪ್ಲಾಟ್‌ಫಾರಂನಲ್ಲಿ ಗಾಡಿ ಕೂಗಿತು.
ತಡಿ ಅಪ್ಪಾ, ಅಂದಳು,
ಅದು ಹೋಗಲಿ.